ಗೋಡೆ ಮೀರಿದ ಭಂಗಿ ಗಿಡ

ಹೋದ ವಾರ ಕಲಬುರಗಿಯ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಕಸ ಕೀಳುತ್ತಿದ್ದರು. ಕಿತ್ತ ಹಸಿರನ್ನು ಆಳುಗಳು ತುಳಿದಾಡಿದಾಗ ಒಂದು ಕಟು ವಾಸನೆ ಎದ್ದು ಕಿಟಕಿಯೊಳಗೆ ಬಂತು. ಯಾವ ಗಿಡದ್ದೋ ಗೊತ್ತಿಲ್ಲ, ನನ್ನ ಮೂಗಿಗೆ ಮಾತ್ರ ಅದು ಭಂಗಿಯದ್ದೇ. ಭಂಗಿ ಎಂದರೆ ನೀವು ಈಗ ಗಾಂಜಾ ಎನ್ನುತ್ತೀರಲ್ಲ, ಅದು. ಗಾಬರಿಯಾಗಬೇಡಿ, ಈ ಮುದುಕಿಗೆ ಅಂಥ ಚಟವಿಲ್ಲ. ನನಗಿದ್ದ ಚಟ ಒಂದೇ, ಹೊಟ್ಟೆಕಿಚ್ಚು. ಆ ವಾಸನೆಗೆ ಅದು ಎದ್ದು ಕೂತಿತು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ಕಮಲಾಪುರದ ಮನೆಗೆ ಹಿರಿಯ ಸೊಸೆಯಾಗಿ ಹೋದೆ. ಎರಡು ವರ್ಷಕ್ಕೆ ಮೈದುನನ ಹೆಂಡತಿಯಾಗಿ ನೀಲಮ್ಮ ಬಂದಳು. ನನ್ನ ನೆಗೆಣ್ಣಿ. ನೋಡಲು ನನಗಿಂತ ಚೆಲುವೆಯೇನಲ್ಲ, ಇದನ್ನು ಈಗಲೂ ಹೇಳುತ್ತೇನೆ. ಆದರೆ ನನ್ನ ರೊಟ್ಟಿ ಹರಿದರೆ ಅವಳದು ಉಬ್ಬುತ್ತಿತ್ತು. ಹಿಂಡಲು ನಾನು ಕೂತರೆ ಒದೆಯುವ ಎಮ್ಮೆ, ಅವಳು ಕೂತರೆ ಚರಿಗೆ ತುಂಬ ಹಾಲು ಕೊಡುತ್ತಿತ್ತು. ಎಮ್ಮೆಗೂ ಪಕ್ಷಪಾತವಿರುತ್ತದೆ ಎಂದು ನನಗೆ ತಿಳಿದದ್ದು ಆಗಲೇ.

ನಮ್ಮ ಅತ್ತೆಯದು ಔಷಧದ ಕೈ. ಮೇವು ಬಿಟ್ಟ ದನಕ್ಕೆ, ಮಂಡಿನೋವಿನ ಮುದುಕರಿಗೆ, ಊರವರೆಲ್ಲ ಅವರ ಹತ್ತಿರವೇ ಬರುತ್ತಿದ್ದರು. ದುಡ್ಡು ಮುಟ್ಟುವಂತಿಲ್ಲ. ಒಂದು ಮನೆಯಲ್ಲಿ ಔಷಧ ಕೊಡುವ ಕೈ ಒಂದೇ ಇರಬೇಕು. ಅದನ್ನು ಬದುಕಿರುವಾಗಲೇ ಇನ್ನೊಬ್ಬರಿಗೆ ಒಪ್ಪಿಸಬೇಕು. ಹಿರಿಯ ಸೊಸೆ ನಾನಿರುವಾಗ ಕೇಳುವುದೇನಿದೆ ಎಂದುಕೊಂಡಿದ್ದೆ. ಆ ವರ್ಷ ಮುಂಗಾರಿನ ಮಿರಗದ ಮಳೆ ಬಿದ್ದಾಗ ಅತ್ತೆ ಇಬ್ಬರ ಕೈಗೂ ಭಂಗಿಯ ಒಂದೊಂದು ಸಸಿ ಕೊಟ್ಟರು.

“ಹಿತ್ತಲದಾಗ ಬೆಳಸ್ರಿ. ಗ್ವಾಡಿ ಒಳಗ ಇದ್ರ ಔಷಧ, ಗ್ವಾಡಿ ಮ್ಯಾಲ ಕಂಡ್ರ ಗುನ್ಹೆ. ದಸರಾಕ್ಕ ನೋಡ್ತೀನಿ, ಯಾರ ಕೈ ಚಲೋ ಅದ ಅಂತ.”

ಕಾಲವೂ ಹಾಗಿತ್ತು. ನಿಜಾಮರ ಪರ ನಿಂತ ರಜಾಕಾರ ಪಡೆಯ ಗಲಾಟೆಯಿಂದ ಊರು ಬೆದರಿತ್ತು. ನಮ್ಮ ಹಿತ್ತಲ ಗೋಡೆಯ ಆಚೆಯೇ ರಸ್ತೆ. ಯಾರಿಗೂ ಮನೆಯೊಳಗೆ ಬರಲು ನೆಪ ಸಿಗಬಾರದು ಎಂದು ಎಲ್ಲರೂ ಉಸಿರು ಹಿಡಿದು ಬದುಕುತ್ತಿದ್ದರು.

ಉಸಿರು ಹಿಡಿಯಬೇಕಾದಲ್ಲಿ ನಾನು ಗಿಡಕ್ಕೆ ಗೊಬ್ಬರ ಹಾಕಿದೆ. ಬೂದಿ, ಕೊಟ್ಟಿಗೆಯ ಗಂಜಲ, ಅಕ್ಕಿ ತೊಳೆದ ನೀರು, ಒಂದನ್ನೂ ಬಿಡಲಿಲ್ಲ. ಅಷ್ಟಾದರೂ ಶ್ರಾವಣದಲ್ಲಿ ನೀಲಮ್ಮನ ಗಿಡ ನನ್ನದಕ್ಕಿಂತ ಗೇಣು ಎತ್ತರ. ತಡೆಯಲಾಗಲಿಲ್ಲ. ಅವಳು ಬಟ್ಟೆ ಒಗೆಯಲು ಹೋದಾಗ ಅದರ ತುದಿಯನ್ನು ಉಗುರಿನಿಂದ ಚಿವುಟಿ ತಿಪ್ಪೆಯಲ್ಲಿ ಮುಚ್ಚಿಬಿಟ್ಟೆ. ತಲೆ ಹೋದ ಗಿಡ ಇನ್ನೇನು ಬೆಳೆದೀತು ಎಂದು ಅವತ್ತು ಹೊಟ್ಟೆ ತುಂಬ ಉಂಡೆ.

ಹದಿನೈದು ದಿನಕ್ಕೆ ಆ ಮೊಂಡು ಗಿಡ ಗೆಣ್ಣುಗೆಣ್ಣಿಗೆ ಕವಲೊಡೆಯಿತು. ಸೊಂಟದೆತ್ತರವೂ ದಾಟದೆ ಕೊಡೆಯಂತೆ ಹರಡಿಕೊಂಡಿತು. ನನ್ನದು ಮಾತ್ರ ನೆಟ್ಟಗೆ ಏರಿ ಗೋಡೆಯಾಚೆ ಇಣುಕಲು ಹೊರಟಿತ್ತು.

“ತುದಿ ಚೂಟಬೇಕಂತ ನಿನಗ ಯಾರು ಹೇಳಿದ್ರು ನೀಲಾ?” ಅತ್ತೆ ಕೇಳಿದರು.

ನೀಲಮ್ಮ ಗಿಡ ನೋಡಿದಳು, ನನ್ನನ್ನು ನೋಡಿದಳು. “ಹಂಗೇ ಆಗ್ಯಾದ್ರೀ ಅತ್ತಿ,” ಎಂದಳು.

“ಕೈಗುಣ ಅಂದ್ರ ಇದು. ನಿಂದು ನೋಡವಾ, ಮಿನಾರ ಆಗ್ಯಾದ. ಕಡಿ ಇಲ್ಲಾ ಬಗ್ಗಸು.”

ಎರಡನೆಯದು ನನಗೆ ಹೇಳಿದ್ದು. ನನ್ನ ಅವಸ್ಥೆ ನೋಡಿ: ಆ ಹೊಗಳಿಕೆ ನನ್ನ ಉಗುರಿಗೆ ಸಲ್ಲಬೇಕಾದದ್ದು. ಅದು ನನ್ನದೆಂದು ಕೇಳಿದರೆ ಹೊಗಳಿಕೆಯ ಜೊತೆಗೆ ಕಳ್ಳತನವನ್ನೂ ಒಪ್ಪಿಕೊಳ್ಳಬೇಕು.

ಕಡಿಯಲು ಮನಸ್ಸಾಗಲಿಲ್ಲ. ಗಿಡ ಬಗ್ಗಿಸಬೇಕಾದರೆ ದಿನಕ್ಕಿಷ್ಟು ಎಂದು ನಾಲ್ಕು ದಿನ ಕಾಯಬೇಕು. ನನಗೆ ಆ ತಾಳ್ಮೆ ಎಲ್ಲಿಯದು? ಸಿಟ್ಟಿನಲ್ಲಿ ಒಂದೇ ಏಟಿಗೆ ಬಗ್ಗಿಸಿ ಒರಳಿಗೆ ಹಗ್ಗ ಕಟ್ಟಿದೆ. ಮರುದಿನ ಮಧ್ಯಾಹ್ನ ಗಂಟು ಜಾರಿ ಗಿಡ ಸೆಟೆದು ನಿಂತಿತು, ಗೋಡೆಯ ಮೇಲೆ ಒಂದು ಮೊಳ. ಅದೇ ಹೊತ್ತಿಗೆ ಹಿತ್ತಲ ಬಾಗಿಲು ಬಡಿದರು. ಸಂದಿಯಲ್ಲಿ ನೋಡಿದರೆ ಖಾಕಿ ತೊಟ್ಟ ಇಬ್ಬರು.

“ಅಮ್ಮಾ, ಥೋಡಾ ಪಾನಿ ದೇವ್.”

ನಾನು ಚರಿಗೆ ಹಿಡಿದು ಕಲ್ಲಾಗಿ ನಿಂತೆ. ನೀಲಮ್ಮ ಅಡುಗೆಮನೆಯಿಂದ ಓಡಿಬಂದು, ಗಿಡವನ್ನು ತಬ್ಬಿ ನೆಲಕ್ಕೆ ಕೆಡವಿ, ಮೇಲೆ ಕೌದಿ ಎಸೆದು, ಅದರ ಮೇಲೆ ತಾನೇ ಕೂತು ಮೊರದಲ್ಲಿ ಜೋಳ ಹರವಿಕೊಂಡಳು. ಆಮೇಲೆ ನಾನು ಬಾಗಿಲು ತೆರೆದೆ.

“ಕ್ಯಾ ಕರ್ರಯ್ಯೇ ಅಮ್ಮಾ?” ನೀರು ಕುಡಿದವನು ಸುಮ್ಮನೆ ಕೇಳಿದ.

“ಜ್ವಾಳ ಹಸನ ಮಾಡಾಕತ್ತೀನ್ರೀ,” ಎಂದಳು, ತಲೆ ಎತ್ತದೆ.

ಅವರು ಹೋದ ಮೇಲೆ ಅವಳೇ ಎದ್ದು ಬಾಗಿಲಿಗೆ ಅಗಳಿ ಹಾಕಿ ಬಂದಳು. ಕೆಟ್ಟವಳು ನಾನು, ಆಗಲೂ ಮನೆ ಉಳಿಯಿತು ಎನ್ನಿಸಲಿಲ್ಲ. ಇದು ನನಗೇಕೆ ಹೊಳೆಯಲಿಲ್ಲ ಎಂದು ಉರಿದೆ. ಕೆಲವೇ ದಿನಕ್ಕೆ ಪೊಲೀಸ್ ಆ್ಯಕ್ಷನ್ ಆಗಿ ಭಾರತದ ಫೌಜು ಬಂತು, ನಿಜಾಮರ ಕಾಲ ಮುಗಿಯಿತು. ದಸರೆಗೆ ಅತ್ತೆ ನೀಲಮ್ಮನ ಕೈಗೆ ಔಷಧ ಒಪ್ಪಿಸಿದರು.

ನಮ್ಮವರಿಗೆ ಕಲಬುರಗಿಯಲ್ಲಿ ಕೆಲಸ ಸಿಕ್ಕಿತು, ಹೊರಟೆವು. ಅವಳ ಬಾಗಿಲಲ್ಲಿ ಜನ ನಿಲ್ಲುವುದನ್ನು ನೋಡಬೇಕಾಗಿಲ್ಲವಲ್ಲ ಎಂದೇ ನಾನು ಮೊದಲು ಗಾಡಿ ಹತ್ತಿದ್ದು. ಅಂದಿನಿಂದ ಅವಳ ಕೈಯ ಔಷಧ ನಾನೂ ಮುಟ್ಟಲಿಲ್ಲ, ಮಕ್ಕಳಿಗೂ ಮುಟ್ಟಿಸಲಿಲ್ಲ.

ಆ ವಾಸನೆ ಬಂದ ಮೇಲೆ ಮನೆಯಲ್ಲಿ ಕೂರಲಾಗದೆ ಭಾನುವಾರ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ನೀಲಮ್ಮ ಕಟ್ಟೆಯ ಮೇಲೆ ಕೂತು ನೆರೆಮನೆಯ ಹುಡುಗಿಗೆ ಸೇವಂತಿಗೆ ಸಸಿ ತೋರಿಸುತ್ತಿದ್ದಳು.

“ತುದಿ ಚೂಟವಾ, ಅಂದ್ರ ಟೊಂಗಿ ಹೊಡೀತದ. ಇದು ನಮ್ಮಕ್ಕ ಕಲಿಸಿದ್ದು ನನಗ. ಇಗಾ, ಅಕಿನೇ ಬಂದಾಳ ನೋಡು.”

ಇಷ್ಟು ವರ್ಷ ಬಯಸಿದ ಹೊಗಳಿಕೆ ಹೀಗೆ ಬಂದಾಗ ತೆಗೆದುಕೊಳ್ಳಲಾಗಲಿಲ್ಲ. ಹುಡುಗಿ ಹೋಗುವವರೆಗೆ ಕಾದು ಹೇಳಿದೆ, “ಕಲಿಸಲಿಲ್ಲ ನೀಲಾ. ಹೊಟ್ಟಿಕಿಚ್ಚಿಗೆ ಚೂಟಿದ್ದೆ.”

“ಗೊತ್ತದ ತಗೋ. ಅವತ್ತು ಊಟಕ್ಕ ಕುಂತಾಗ ನಿನ್ನ ಉಗುರು ಹಸರು ಇದ್ವು. ಅತ್ತಿ ಮುಂದ ಅಂದಿದ್ರ ಆ ಮನ್ಯಾಗ ನಿನ್ನ ಬಾಳು ಏನಾಗ್ತಿತ್ತು?”

ಇಡೀ ಆಯುಷ್ಯ ಬಾಯಿ ಬಿಡದೆ ಇದ್ದಾಳೆ! ಕ್ಷಮಿಸುವುದರಲ್ಲೂ ಅವಳೇ ಮುಂದೆ ಎಂದು, ಸುಳ್ಳೇಕೆ, ಅದಕ್ಕೂ ಹೊಟ್ಟೆ ಉರಿಯಿತು. ಆದರೆ ಎದ್ದು ಬರಲಿಲ್ಲ. ಕಾಲು ಚಾಚಿ, ಸೀರೆಯನ್ನು ಮಂಡಿಯವರೆಗೆ ಸರಿಸಿ ಅವಳ ಮುಂದಿಟ್ಟೆ.

“ಭಾಳ ನೋಯ್ತದ ನೀಲಾ. ನಿನ್ನ ಕೈಲೆ ಏನರ ಹಚ್ಚು.”