ಗೋಪಾಲನ ವಿಮಾನಕ್ಕೆ ಅಡ್ಡ ಹಾಕಿದ ಸುಳ್ಳು

ಗೋಪಾಲ, ಆ ವಿಮಾನ ಕಂಪನಿಯವರು ಮೋಸಗಾರರೆಂದು ನಾನು ಹೇಳಿದ್ದು ಸುಳ್ಳು. ಗೊತ್ತಿದ್ದೇ ಹೇಳಿದೆ.

ತೊಂಬತ್ತರ ದಶಕದ ಆ ವರ್ಷ ನಿನ್ನ ಕೈಯಲ್ಲಿ ಪೈಲಟ್ ಲೈಸೆನ್ಸ್ ಇತ್ತು, ಕೆಲಸವಿರಲಿಲ್ಲ. ಕಂಪನಿಯವರು ತಮ್ಮ ದೊಡ್ಡ ವಿಮಾನ ಓಡಿಸಲು ಆ ಬಗೆಯ ವಿಮಾನಕ್ಕೆಂದೇ ಬೇರೆ ತರಬೇತಿ ಬೇಕು, ಖರ್ಚು ನಿನ್ನದೇ ಎಂದಿದ್ದರು. ನಿನ್ನಕ್ಕ, ನನ್ನ ತಂಗಿ ಸುಶೀಲ ಜೂಜುವಾಡಿಯ ತನ್ನ ಹೊಲ ಅಡವಿಡಲು ಒಪ್ಪಿದ್ದಳು. "ಅಣ್ಣಯ್ಯ ಒಂದ್ಸಲ ವಿಚಾರಿಸ್ಕೊಂಡ್ ಬರ್ಲಿ" ಎಂದಷ್ಟೇ ಅವಳ ಮಾತು.

ಬೆಂಗಳೂರಿನ ಅವರ ಆಫೀಸಿಗೆ ಹೋದೆ. ಅಧಿಕಾರಿ ತಾಳ್ಮೆಯಿಂದಲೇ ತಿಳಿಸಿದ — ತರಬೇತಿ ಪಾಸಾದರೆ ಕೆಲಸ ಖಚಿತ, ಬರೆದೇ ಕೊಡುತ್ತೇವೆ.

ಬಸ್ಸಿನಲ್ಲಿ ಹೊಸೂರಿಗೆ ಮರಳುವಾಗ ನನ್ನ ತಲೆಯಲ್ಲಿದ್ದದ್ದು ಅದಲ್ಲ. ಹತ್ತನೇ ಕ್ಲಾಸು ಓದಿ ಫ್ಯಾಕ್ಟರಿಯ ಲೇತ್ ಮಿಷಿನ್ ಹಿಡಿದವನು ನಾನು. ಹಿಂದಿನ ವಾರ ನಮ್ಮ ಫ್ಯಾಕ್ಟರಿ ಗೇಟಿನ ಟೀ ಅಂಗಡಿಯಲ್ಲಿ ಗೆಳೆಯರಿಗೆ ನೀನು ಹೇಳಿದ್ದೆಯಲ್ಲ — "ನಮ್ಮಣ್ಣ ಕೆಳಗೆ ನಟ್ಟು ಬಿಗೀಲಿ ಕಣ್ಲಾ, ನಾನು ಮ್ಯಾಲಿಂದ ಕೈ ಬೀಸ್ತೀನಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ —

ಅವಲಪಲ್ಲಿಯ ನಮ್ಮ ಮನೆಯಲ್ಲಿ ನೀವಿಬ್ಬರೂ ಕಾದಿದ್ದಿರಿ. "ಕೆಲ್ಸದ ಗ್ಯಾರಂಟಿ ಇಲ್ವಂತೆ. ದುಡ್ಡು ನುಂಗೋ ಕಳ್ರು" ಎಂದೆ. ಯೂನಿಯನ್ ಭಾಷಣಗಳಲ್ಲಿ ಪಳಗಿದ ನಾಲಿಗೆ, ಅಲ್ಲಿಗೇ ನಿಲ್ಲಲಿಲ್ಲ. "ನಮ್ ಫ್ಯಾಕ್ಟರೀಲಿ ಹೊಸ ಮಿಷಿನ್ ಬಂದ್ರೆ ಸ್ಟೈಪೆಂಡ್ ಕೊಟ್ಟು ಕಲಿಸ್ತಾರೆ. ಮಿಷಿನ್ ಅವ್ರುದು, ಕಲಿಯೋ ಕಾಸು ನಮ್ದಾ?"

"ಅಣ್ಣಯ್ಯ ಹೇಳಿದ್ ಮ್ಯಾಲೆ ಮುಗೀತು" ಎಂದಳು ಸುಶೀಲ.

ನಾನು ಕೇಳಿದ ಆ ಪ್ರಶ್ನೆ ನ್ಯಾಯದ್ದೇ. ಇವತ್ತೂ ನೆನೆದರೆ ರಕ್ತ ಕುದಿಯುತ್ತದೆ — ಇಲ್ಲದವರ ಮಕ್ಕಳು ತಮ್ಮ ಕೆಲಸವನ್ನು ತಾವೇ ಕೊಳ್ಳಬೇಕೇ? ಆದರೆ ಆ ನ್ಯಾಯವನ್ನು ನನ್ನ ಹೊಟ್ಟೆಕಿಚ್ಚಿಗೆ ಹೊದಿಸಿದೆನಲ್ಲ — ಥೂ ನನ್ನ ಜನ್ಮಕ್ಕೆ! ದುಡ್ಡು ಕೊಡಬೇಕೋ ಬೇಡವೋ ಎಂಬ ತೀರ್ಮಾನ ನಿನ್ನದು. ನಿಜ ಹೇಳಿ, ಆಮೇಲೆ ಜಗಳವಾಡಬಹುದಿತ್ತು. ಹೇಳಲಿಲ್ಲ. ಹೇಳಿದರೆ ನೀನು ಹೋಗಿಬಿಡುತ್ತೀಯೆಂದು ಗೊತ್ತಿತ್ತು.

ಹಾರಾಟವಿಲ್ಲದೆ ಲೈಸೆನ್ಸಿನ ಅವಧಿ ತೀರಿತು. ರಾಜ್ಯದ ಗಡಿಯ ಲಾರಿ ಆಫೀಸಿನಲ್ಲಿ ಕೂತೇ ನಿನ್ನ ತಲೆ ನರೆಯಿತು. ಮದುವೆ ಮನೆಗಳಲ್ಲಿ ಈಗಲೂ ನನ್ನ ಹೆಗಲಿಗೆ ಕೈ ಹಾಕಿ ಊರಿಗೆಲ್ಲ ಕೇಳುವಂತೆ ಹೇಳುತ್ತೀಯ: "ನಮ್ಮಣ್ಣ ಇಲ್ದಿದ್ರೆ ಅಕ್ಕನ ಹೊಲ ಮುಳುಗೋಗ್ತಿತ್ತು." ನಾನು ಎಲೆಯಿಂದ ಕಣ್ಣೆತ್ತದೆ ಉಣ್ಣುತ್ತೇನೆ.

ಇದನ್ನು ಸುಶೀಲಳಿಗೂ ಓದಿ ಹೇಳು. "ಹಳೇದು ಬಿಡಣ್ಣ" ಎನ್ನಬೇಡ. ಬಯ್ಯಿ. ನನ್ನನ್ನು ಹೊಗಳಿದಷ್ಟೇ ಗಟ್ಟಿಯಾಗಿ, ಅಷ್ಟೇ ಜನರ ಎದುರು ಬಯ್ಯಿ.