ಬೀಜ ಹುಗಿಯುವ ಹಕ್ಕಿ

ನೊಯ್‌ಬಿಬರ್ಗಿನಲ್ಲಿ ಚಿಪ್ ವಿನ್ಯಾಸದ ಕೆಲಸ ಸಿಕ್ಕಿ, ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ನಾನು ಒಬ್ಬಳೇ ಜರ್ಮನಿಗೆ ಬಂದೆ. ಗಂಡ ಮತ್ತು ಮೂರು ವರ್ಷದ ಮಗಳು ಉಡುಪಿಯಲ್ಲೇ ಉಳಿದರು. ಎರಡು ತಿಂಗಳಲ್ಲಿ ಬರಬೇಕಾದವರು. ಮದುವೆ ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿನ ಒಂದಕ್ಷರ ಪಾಸ್‌ಪೋರ್ಟಿಗೆ ತಾಳೆಯಾಗದೆ ವೀಸಾ ಮುಂದೆ ಮುಂದೆ ಹೋಯಿತು.

ಮೇಲಿನ ಮಹಡಿಯಲ್ಲಿ ಅರಣ್ಯ ಇಲಾಖೆಯಿಂದ ನಿವೃತ್ತರಾದ ಒಬ್ಬ ಹೆಂಗಸು ಇದ್ದರು. ಸೆಪ್ಟೆಂಬರಿನ ಒಂದು ಭಾನುವಾರ ಬಾಗಿಲು ತಟ್ಟಿ, "ರಜೆಯಿಡೀ ಫೋನು ಹಿಡಿದು ಕೂತಿರುತ್ತೀರಿ. ಬನ್ನಿ, ಬೆಟ್ಟಕ್ಕೆ ಹೋಗೋಣ" ಎಂದರು.

ರೈಲು, ಆಮೇಲೆ ಕೇಬಲ್ ಕಾರು. ಮೇಲೆ, ಬಂಡೆಗಳ ನಡುವೆ ಗಿಡ್ಡ ಪೈನ್ ಮರಗಳು. ಮೈತುಂಬ ಬಿಳಿ ಚುಕ್ಕೆಯ ಕಂದು ಹಕ್ಕಿಯೊಂದು ಪೈನ್ ಕಾಯಿಯನ್ನು ಕುಟ್ಟಿ ಒಡೆಯುತ್ತಿತ್ತು. ಗಂಟಲು ಉಬ್ಬುವಷ್ಟು ಬೀಜ ತುಂಬಿಕೊಂಡು ಇಳಿಜಾರಿಗೆ ಹಾರಿ, ಮಣ್ಣಿಗೆ ಕೊಕ್ಕು ಚುಚ್ಚಿ ಹುಗಿದು, ಮೇಲೆ ಪಾಚಿ ಮುಚ್ಚಿತು.

"ಈ ಕಾಯಿ ತಾನಾಗಿ ಬಿರಿಯುವುದಿಲ್ಲ, ಬೀಜವನ್ನು ಗಾಳಿ ಒಯ್ಯಲಾರದು. ಈ ಹಕ್ಕಿಯೇ ಬರಬೇಕು" ಎಂದರು ಅವರು.

"ಹಕ್ಕಿಗೆ?"

"ಚಳಿಗಾಲವಿಡೀ ಇದೇ ಊಟ. ಹಿಮ ಅಗೆದು ತೆಗೆಯುತ್ತದೆ, ಮರಿಗಳಿಗೂ ಇದನ್ನೇ ಕೊಡುತ್ತದೆ. ತೆಗೆಯದೆ ಬಿಟ್ಟದ್ದು ಮೊಳೆಯುತ್ತದೆ."

ಒಂದೇ ಕಡೆ ಒತ್ತಾಗಿ ಎದ್ದ ಐದು ಸಸಿಗಳನ್ನು ತೋರಿಸಿದರು. ಹತ್ತು ವರ್ಷವಾದರೂ ಆಗಿರಬಹುದು ಎಂದರು. ನನ್ನ ಮೊಣಕಾಲಿನಷ್ಟೂ ಇರಲಿಲ್ಲ. ಮಗಳು ಈಗ ಎತ್ತರದಲ್ಲಿ ನನ್ನ ಎಲ್ಲಿಯವರೆಗೆ ಬರುತ್ತಾಳೋ ನನಗೆ ತಿಳಿದಿರಲಿಲ್ಲ.

ಅಲ್ಲಿಂದಲೇ ಮನೆಗೆ ಫೋನು ಮಾಡಿ ಹಕ್ಕಿಯ ಕಥೆ ಹೇಳಿದೆ.

"ಎಲ್ಲಿಟ್ಟದ್ದು ಅಂತ ಹಕ್ಕಿಗೆ ಮರೆತರೆ?" ಎಂದಳು ಮಗಳು.

"ಅಲ್ಲಿ ಮರ ಆಗ್ತದೆ."

ಮತ್ತೆ ಕೇಳಿದಳು: "ಅಮ್ಮಾ, ನೀನು ನನ್ನನ್ನು ಮರೆತದ್ದಾ?"

ನಾನು ಅತ್ತುಬಿಟ್ಟೆ. ಗಂಡ ಫೋನು ತೆಗೆದುಕೊಂಡು, "ಅಳಬೇಡ ಮಾರಾಯ್ತಿ, ಅವಳಿಗೆ ಎಂತ ಗೊತ್ತುಂಟು" ಎಂದರು. ಅವರ ದನಿಯೂ ಸರಿಯಿರಲಿಲ್ಲ. ನೆರೆಯವರಿಗೆ ಕನ್ನಡ ಬರುವುದಿಲ್ಲ. ಆದರೂ ಏನೂ ಕೇಳದೆ ಫ್ಲಾಸ್ಕಿನ ಚಹಾ ಬಗ್ಗಿಸಿ ನನ್ನ ಕೈಗಿತ್ತು, ಪಕ್ಕದಲ್ಲಿ ಕೂತರು.

ಕಾಗದಪತ್ರ ಸರಿಯಾಗಿ, ಫೆಬ್ರವರಿಯಲ್ಲಿ ಇಬ್ಬರೂ ಬಂದರು. ವಿಮಾನ ನಿಲ್ದಾಣದಲ್ಲಿ ನಾನು ಕೈ ಚಾಚಿದರೆ ಮಗಳು ಅಪ್ಪನ ಹೆಗಲಿಗೆ ಮುಖ ಒತ್ತಿಕೊಂಡಳು. "ಇದು ಫೋನಿನ ಅಮ್ಮನಾ?" ಎಂದು ಅವರ ಕಿವಿಯಲ್ಲಿ ಕೇಳಿದ್ದು ನನಗೆ ಕೇಳಿಸಿತು. ಎರಡು ದಿನ ನಾನು ಕಲಸಿದ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತಾನಾಗಿ ಬಂದು ನನ್ನ ಹೊದಿಕೆ ಎಳೆದು, "ಸ್ವಲ್ಪ ಆಚೆ ಸರಿ" ಎಂದಳು.