ಅಮ್ಮನ ಪಾಲಿನ ಅವರೆ

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ನಂದಗುಡಿ ಕಡೆಯ ನಮ್ಮೂರಲ್ಲಿ ಯಾರ ಮನೆ ಜಗಲಿ ನೋಡಿದರೂ ನೆನೆಸಿದ ಕಾಳಿನ ಬೋಗುಣಿ. ದಾರಿಯಲ್ಲಿ ಹೋಗುವವರೂ ಕೂತು ಒಂದು ಹಿಡಿ ಹಿತುಕಿ, ಸಿಪ್ಪೆ ಬಿಡಿಸಿಯೇ ಏಳುತ್ತಿದ್ದರು. ಕಾಳು ಕಂಡೂ ಕೈಹಾಕದೆ ಹೋದವರಿಗೆ ಸೊಕ್ಕು ಅನ್ನುತ್ತಿದ್ದೆವು. ಆ ಹಾಳು ಒಳ್ಳೆಯತನವೇ ನಮ್ಮನ್ನು ಮುಳುಗಿಸಿತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಲಕ್ವ ಹೊಡೆಯಿತು. ಮಾತು, ಕಾಲು ಹೇಗೋ ಸುಧಾರಿಸಿದವು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದೇ ಇರುತ್ತಿತ್ತು. ಹೊಸಕೋಟೆಯಿಂದ ವಾರಕ್ಕೊಮ್ಮೆ ಥೆರಪಿ ಮೇಡಂ ಬರುತ್ತಿದ್ದರು. ಮನೆಗೆಲಸ ಮಾಡಿಸುತ್ತಲೇ ಕೈಗೆ ಮತ್ತೆ ಕೆಲಸ ಕಲಿಸುವುದು ಅವರ ಕಸುಬು. ಬೋಗುಣಿ ನೋಡಿದ್ದೇ, ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ ಅಂದರು. ದಿನಕ್ಕೊಂದು ಬಟ್ಟಲು ಕಾಳು, ಬಲಗೈಯಲ್ಲೇ ಹಿತುಕಬೇಕು. ಹೊರಡುವಾಗ ನನ್ನ ಭುಜ ಹಿಡಿದು ಹೇಳಿದರು: "ಬೇರೆ ಯಾರೂ ಮುಟ್ಬಾರ್ದು ಪುಟ್ಟಿ. ಈ ಕೆಲವು ತಿಂಗಳು ಕಳೆದ್ರೆ ಕೈ ವಾಪಸ್ ಬರೋದು ಕಷ್ಟ."

ಒಂದು ಕಾಳು ಹಿಡಿಯುವಷ್ಟರಲ್ಲಿ ಅಮ್ಮ ಬೆವೆತುಹೋಗುತ್ತಿದ್ದಳು. ಕಾಳು ಜಾರಿ ಉರುಳಿದರೆ ಕಣ್ಣು ತುಂಬುತ್ತಿತ್ತು. ಅಯ್ಯೋ, ನೋಡಲಾಗುತ್ತಿರಲಿಲ್ಲ. ಪಕ್ಕದ ಮನೆ ಜಯಕ್ಕ ಮಾತಾಡುತ್ತಲೇ ಒಂದು ಹಿಡಿ, ಅಪ್ಪ ಡೈರಿಗೆ ಹಾಲು ಹಾಕಿ ಬಂದು ಒಂದು ಹಿಡಿ, ಉಳಿದದ್ದೆಲ್ಲ ನಾನು. ಸೊಗಡಿನ ವಾಸನೆ ನನ್ನ ನೋಟ್‌ಬುಕ್ಕಿಗೂ ಹತ್ತಿತ್ತು. ಮೊದಮೊದಲು ಬೇಡವೆನ್ನುತ್ತಿದ್ದ ಅಮ್ಮ, ಆಮೇಲೆ ಬಟ್ಟಲನ್ನು ಎಡಗೈಯಲ್ಲಿ ತಾನೇ ನನ್ನತ್ತ ತಳ್ಳತೊಡಗಿದಳು.

ಮೇಡಂ ಬಂದಾಗಲೆಲ್ಲ ತುಂಬಿದ ಬಟ್ಟಲು ತೋರಿಸಿ, ಎಲ್ಲಾ ಅಮ್ಮನೇ ಮಾಡಿದ್ದು ಅನ್ನುತ್ತಿದ್ದೆ. ಅವರು ಅಮ್ಮನ ಬೆರಳು ಒತ್ತಿ ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು. ಅವರೆಕಾಯಿ ಮುಗಿಯುವ ಹೊತ್ತಿಗೆ ಅಪ್ಪನನ್ನು ಕರೆದು ಕೂರಿಸಿಕೊಂಡರು.

"ಇಷ್ಟು ಮಾಡಿಸಿದ್ರೂ ಬಲ ಬಂದಿಲ್ಲ ಅಂದ್ರೆ ಇನ್ನು ಬರಲ್ಲ. ಪಾಪ, ಸುಮ್ನೆ ಯಾಕೆ ನೋಯಿಸೋದು? ಎಡಗೈಗೇ ಅಭ್ಯಾಸ ಮಾಡಿಸೋಣ."

ನಿಜ ಹೇಳಲು ಬಾಯಿ ತೆರೆದೆ. ಮತ್ತೆ ಮುಚ್ಚಿ, ಜಗಲಿಯ ಸಿಪ್ಪೆ ಗುಡಿಸತೊಡಗಿದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು.

ಈಗ ಹಿತುಕಿದ ಬೇಳೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಜಗಲಿಗಳೂ ಇಲ್ಲ, ಕರೆಯದೆ ಬಂದು ಕೂರುವವರೂ ಇಲ್ಲ. ಎಡಗೈಯಲ್ಲಿ ಉಣ್ಣಲು ನಾಚಿ ಅಮ್ಮ ಯಾರ ಮದುವೆಗೂ ಹೋಗುವುದಿಲ್ಲ. ನನ್ನ ಮದುವೆಯಲ್ಲೂ ಪಂಕ್ತಿಗೆ ಬರಲಿಲ್ಲ. ಮೊನ್ನೆ ಧೈರ್ಯ ಮಾಡಿ ಕೇಳಿದೆ, "ಅವತ್ತು ನೀನಾದ್ರೂ ಯಾಕಮ್ಮ ನಿಜ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಬೈತಿದ್ರಲ್ಲವ್ವ" ಅಂದಳು.

ಬೈಸಿಕೊಂಡಿದ್ದರೆ ಒಂದು ದಿನ ಅಳುತ್ತಿದ್ದೆ, ಅಷ್ಟೇ.